ರಾತ್ರಿ ಕುಡಿದ ಮದ್ಯ, ಬೆಳಗಿನ ಡೋಪಿಂಗ್ ಪರೀಕ್ಷೆ: ಟೆಸ್ಟೋಸ್ಟೆರಾನ್ ಅನುಪಾತ ಏಕೆ ಏರುತ್ತದೆ?

ಪ್ರಶ್ನೆ: ನಾನು 24 ವರ್ಷದ ಮಧ್ಯಮ ದೂರದ ಓಟಗಾರ್ತಿ. ಎರಡು ವರ್ಷಗಳಿಂದ ಡೋಪಿಂಗ್ ಪರೀಕ್ಷೆಗೆ ಒಳಪಡುವವರ ಪಟ್ಟಿಯಲ್ಲಿದ್ದೇನೆ. ಈ ಸಾಲಿನ ಸ್ಪರ್ಧೆಗಳೆಲ್ಲ ಮುಗಿದ ಖುಷಿಯಲ್ಲಿ ಒಂದು ರಾತ್ರಿ ಗೆಳತಿಯರ ಜೊತೆ ಕೂತು ನಾಲ್ಕು ಲೋಟ ವೈನ್ ಕುಡಿದೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಡೋಪಿಂಗ್ ನಿಯಂತ್ರಣ ಅಧಿಕಾರಿ ಮನೆಗೆ ಬಂದು ಮೂತ್ರದ ಮಾದರಿ ತೆಗೆದುಕೊಂಡು ಹೋದರು. ಮದ್ಯ ಕುಡಿದವರಿಗೆ ಟೆಸ್ಟೋಸ್ಟೆರಾನ್ ಪರೀಕ್ಷೆ ಪಾಸಿಟಿವ್ ಬರುತ್ತದೆ ಎಂದು ಸಹ ಓಟಗಾರ್ತಿಯೊಬ್ಬಳು ಹೆದರಿಸಿದ್ದಾಳೆ. ಮದ್ಯ ಕುಡಿದರೆ ಮೂತ್ರ ತೆಳುವಾಗುತ್ತದೆ, ಅದರಲ್ಲಿ ಏನೂ ಕಾಣುವುದಿಲ್ಲ ಎಂದು ನಮ್ಮ ತರಬೇತುದಾರರು ಹೇಳುತ್ತಾರೆ. ಗರ್ಭನಿರೋಧಕ ಮಾತ್ರೆಯೊಂದನ್ನು ಬಿಟ್ಟರೆ ನಾನು ಬೇರಾವ ಔಷಧವನ್ನೂ ತೆಗೆದುಕೊಂಡಿಲ್ಲ. ಯಾರ ಮಾತು ನಿಜ ಡಾಕ್ಟರೇ? ನಾನೀಗ ಏನಾದರೂ ಮಾಡಬೇಕೇ?

ಉತ್ತರ: ನಿಮ್ಮ ಗೆಳತಿಯ ಮಾತು ಅರ್ಧ ಸರಿ, ತರಬೇತುದಾರರ ಮಾತು ಪೂರ್ತಿ ತಪ್ಪು. ಮದ್ಯವು ಮೂತ್ರದಲ್ಲಿನ ಟೆಸ್ಟೋಸ್ಟೆರಾನ್ ಅನುಪಾತವನ್ನು, ಅಂದರೆ ಅದರ ಅವಳಿಯಂತಿರುವ ಇನ್ನೊಂದು ಸ್ಟೆರಾಯ್ಡಿಗೆ ಹೋಲಿಸಿದಾಗ ಅದು ಎಷ್ಟು ಪಟ್ಟು ಇದೆ ಎಂಬುದನ್ನು, ನಿಜಕ್ಕೂ ಏರಿಸಬಲ್ಲದು. ಪುರುಷರಿಗಿಂತ ಮಹಿಳೆಯರಲ್ಲಿ ಈ ಏರಿಕೆ ಹೆಚ್ಚು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಇನ್ನೂ ಎದ್ದು ಕಾಣುವ ಸಾಧ್ಯತೆಯಿದೆ. ಆದರೆ ಅನುಪಾತ ಏರಿದ ಮಾತ್ರಕ್ಕೆ ಯಾರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸುವುದಿಲ್ಲ. ಮಾದರಿಯಲ್ಲಿ ಮದ್ಯದ ಗುರುತು ಇದೆಯೇ ಎಂದು ಪ್ರಯೋಗಾಲಯ ನೋಡುತ್ತದೆ, ಸಂಶಯ ಉಳಿದರೆ ಆ ಟೆಸ್ಟೋಸ್ಟೆರಾನ್ ಎಲ್ಲಿಂದ ಬಂತು ಎಂಬುದನ್ನೇ ನೇರವಾಗಿ ಪತ್ತೆಹಚ್ಚುವ ಇನ್ನೊಂದು ಪರೀಕ್ಷೆ ಇದೆ. ಹೊರಗಿನ ಹಾರ್ಮೋನು ತೆಗೆದುಕೊಳ್ಳದ ನೀವು ಅದಕ್ಕೆ ಹೆದರಬೇಕಾದ ಕಾರಣವಿಲ್ಲ. ಮದ್ಯಪಾನವೂ ನಿಮ್ಮ ಮಟ್ಟಿಗೆ ನಿಯಮಭಂಗವಲ್ಲ. ಬಿಲ್ಲುಗಾರಿಕೆ, ಮೋಟಾರು ಪಂದ್ಯದಂಥ ಕೆಲವೇ ಕ್ರೀಡೆಗಳಲ್ಲಿ, ಅದೂ ಸ್ಪರ್ಧೆಯ ಹೊತ್ತಿಗೆ ಮಾತ್ರ ನಿಷಿದ್ಧವಾಗಿದ್ದ ಮದ್ಯವನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, 2018ರಿಂದ ತನ್ನ ನಿಷೇಧಿತ ಪಟ್ಟಿಯಿಂದಲೇ ಕೈಬಿಟ್ಟು, ಅದರ ನಿಯಂತ್ರಣವನ್ನು ಆಯಾ ಕ್ರೀಡಾ ಒಕ್ಕೂಟಗಳಿಗೆ ಬಿಟ್ಟಿದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಹೀಗೆ ಹೆದರಿದ ಕ್ರೀಡಾಪಟುಗಳಿಗೆ "ಚಿಂತೆ ಮಾಡಬೇಡಿ" ಎಂದಷ್ಟೇ ಹೇಳಿದರೆ ಅವರ ರಾತ್ರಿ ನಿದ್ದೆ ಮರಳುವುದಿಲ್ಲ ಎಂಬುದನ್ನು ನಾನು ಕಂಡಿದ್ದೇನೆ. ಪರೀಕ್ಷೆ ಹೇಗೆ ನಡೆಯುತ್ತದೆ, ಮದ್ಯ ಅದರೊಳಗೆ ಎಲ್ಲಿ ಕೈಹಾಕುತ್ತದೆ ಎಂಬುದು ತಿಳಿದರೆ ಮಾತ್ರ ಮನಸ್ಸಿಗೆ ಸಮಾಧಾನ.

ಟೆಸ್ಟೋಸ್ಟೆರಾನ್ ಪ್ರತಿಯೊಬ್ಬರ ದೇಹದಲ್ಲೂ ತಯಾರಾಗುವ ಹಾರ್ಮೋನು. ಆದ್ದರಿಂದ ಅದು ಮೂತ್ರದಲ್ಲಿ ಸಿಕ್ಕಿತು ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಎಷ್ಟು ಸಿಕ್ಕಿತು ಎಂಬುದೂ ಹೆಚ್ಚು ನಂಬತಕ್ಕದ್ದಲ್ಲ, ಏಕೆಂದರೆ ವ್ಯಕ್ತಿಯಿಂದ ವ್ಯಕ್ತಿಗೆ, ದಿನದಿಂದ ದಿನಕ್ಕೆ, ಕುಡಿದ ನೀರಿನ ಪ್ರಮಾಣಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಈ ಕಗ್ಗಂಟಿಗೆ ಜರ್ಮನಿಯ ಕಲೋನ್ ನಗರದ ರಸಾಯನಶಾಸ್ತ್ರಜ್ಞ ಮಾನ್‌ಫ್ರೆಡ್ ಡೋನಿಕೆ 1980ರ ದಶಕದ ಆರಂಭದಲ್ಲಿ ಒಂದು ಉಪಾಯ ಕಂಡುಹಿಡಿದರು. ದೇಹದಲ್ಲಿ ಟೆಸ್ಟೋಸ್ಟೆರಾನಿನ ಅವಳಿಯಂತಿರುವ ಎಪಿಟೆಸ್ಟೋಸ್ಟೆರಾನ್ ಎಂಬ ಇನ್ನೊಂದು ಸ್ಟೆರಾಯ್ಡ್ ಇದೆ. ಎರಡರ ಅಣುತೂಕ ಒಂದೇ, ಪರಮಾಣುಗಳ ಲೆಕ್ಕವೂ ಒಂದೇ. ಹದಿನೇಳನೆಯ ಇಂಗಾಲಕ್ಕೆ ಅಂಟಿಕೊಂಡ ಹೈಡ್ರಾಕ್ಸಿಲ್ ಗುಂಪು ಒಂದರಲ್ಲಿ ಮೇಲ್ಮುಖವಾಗಿದ್ದರೆ ಇನ್ನೊಂದರಲ್ಲಿ ಕೆಳಮುಖವಾಗಿದೆ, ಅಷ್ಟೇ ವ್ಯತ್ಯಾಸ. ಆದರೆ ಈ ಎಪಿಟೆಸ್ಟೋಸ್ಟೆರಾನ್ ಸ್ನಾಯುಗಳನ್ನು ಬೆಳೆಸುವುದಿಲ್ಲ. ಬಹುಪಾಲು ಜನರ ಮೂತ್ರದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿರುತ್ತವೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡರೆ ಅದು ಎಪಿಟೆಸ್ಟೋಸ್ಟೆರಾನ್ ಆಗಿ ಬದಲಾಗುವುದಿಲ್ಲ. ಹೀಗಾಗಿ ಮೊದಲನೆಯದು ಏರುತ್ತದೆ, ಅದರ ಜೊತೆಗೇ ದೇಹವು ತನ್ನ ಸ್ವಂತ ತಯಾರಿಕೆಯನ್ನು ಕಡಿಮೆ ಮಾಡುವುದರಿಂದ ಎರಡನೆಯದು ಇಳಿಯುತ್ತದೆ. ಭಾಗಿಸಿದಾಗ ಬರುವ ಸಂಖ್ಯೆ ಜಿಗಿಯುತ್ತದೆ. ಇದೇ ಟಿ/ಇ ಅನುಪಾತ. ಮೂತ್ರ ತೆಳುವಾಗಿದ್ದರೂ ಗಟ್ಟಿಯಾಗಿದ್ದರೂ ಎರಡೂ ಒಂದೇ ಪಟ್ಟು ಕಡಿಮೆಯಾಗುವುದರಿಂದ ಅಥವಾ ಹೆಚ್ಚುವುದರಿಂದ ಅನುಪಾತ ಹಾಗೇ ಉಳಿಯುತ್ತದೆ. ನಿಮ್ಮ ತರಬೇತುದಾರರ ವಾದ ಇಲ್ಲಿಯೇ ಬಿದ್ದುಹೋಗುತ್ತದೆ.

ಮೊದಲು ಈ ಅನುಪಾತದ ಮಿತಿ 6 ಎಂದಿತ್ತು, 2005ರಲ್ಲಿ ವಾಡಾ ಅದನ್ನು 4ಕ್ಕೆ ಇಳಿಸಿತು. ಆದರೆ ಎಲ್ಲರಿಗೂ ಒಂದೇ ಗೆರೆ ಎಳೆಯುವುದರಲ್ಲಿ ದೊಡ್ಡ ಅನ್ಯಾಯ ಅಡಗಿತ್ತು. ಟೆಸ್ಟೋಸ್ಟೆರಾನಿಗೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ ಮೂತ್ರಕ್ಕೆ ಕಳುಹಿಸುವ ಯುಜಿಟಿ2ಬಿ17 ಎಂಬ ಕಿಣ್ವದ ಜೀನು ಕೆಲವರಲ್ಲಿ ಇರುವುದೇ ಇಲ್ಲ. ಪೂರ್ವ ಏಷ್ಯಾದ ಜನರಲ್ಲಿ ಇಂಥವರು ಬಹಳ, ಯುರೋಪಿನವರಲ್ಲಿ ವಿರಳ. ಇವರ ಅನುಪಾತ ಸಾಮಾನ್ಯವಾಗಿ 0.1 ಅಥವಾ 0.2ರ ಸುತ್ತ ಇರುತ್ತದೆ. ಇಂಥವರಲ್ಲಿ ಕೆಲವರು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡರೂ 4ರ ಗೆರೆ ಮುಟ್ಟುವುದಿಲ್ಲ. ಇನ್ನೊಂದು ಕಡೆ, ಹುಟ್ಟಿನಿಂದಲೇ ಹೆಚ್ಚಿನ ಅನುಪಾತವಿರುವ ನಿರಪರಾಧಿಗಳು ಪದೇಪದೇ ಸಂಶಯಕ್ಕೆ ಗುರಿಯಾಗುತ್ತಿದ್ದರು. ಅದಕ್ಕಾಗಿಯೇ 2014ರಿಂದ ಕ್ರೀಡಾಪಟುವಿನ ಜೈವಿಕ ಪಾಸ್‌ಪೋರ್ಟಿನಲ್ಲಿ, ಅಂದರೆ ಅವರ ಮಾದರಿಗಳ ಅಳತೆಗಳನ್ನು ಸಾಲಾಗಿ ಜೋಡಿಸಿಡುವ ದಾಖಲೆಯಲ್ಲಿ, ಸ್ಟೆರಾಯ್ಡ್ ಭಾಗ ಸೇರಿತು. ನಿಮ್ಮ ಪ್ರತಿಯೊಂದು ಮಾದರಿಯಲ್ಲಿ ಟೆಸ್ಟೋಸ್ಟೆರಾನ್, ಎಪಿಟೆಸ್ಟೋಸ್ಟೆರಾನ್ ಮಾತ್ರವಲ್ಲದೆ ಆಂಡ್ರೊಸ್ಟೆರಾನ್, ಎಟಿಯೊಕೊಲಾನಲೋನ್ ಮುಂತಾದ ಇನ್ನೂ ನಾಲ್ಕು ಸ್ಟೆರಾಯ್ಡುಗಳನ್ನು ಅಳೆದು, ಅವುಗಳ ಪರಸ್ಪರ ಅನುಪಾತಗಳನ್ನು ನಿಮ್ಮದೇ ಹಿಂದಿನ ಮಾದರಿಗಳ ಜೊತೆ ಹೋಲಿಸುತ್ತಾರೆ. ಮಾದರಿಗಳು ಸೇರುತ್ತ ಹೋದಂತೆ ನಿಮಗೆ ಸಹಜವಾದ ವ್ಯಾಪ್ತಿ ಎಷ್ಟೆಂಬುದನ್ನು ಗಣಕದ ಲೆಕ್ಕಾಚಾರ ಹೆಚ್ಚು ಹೆಚ್ಚು ಬಿಗಿಯಾಗಿ ಗುರುತಿಸುತ್ತದೆ. ಬೇರೆಯವರ ಮಿತಿಯಲ್ಲ, ನಿಮ್ಮ ಮಿತಿ. ಎರಡು ವರ್ಷಗಳಿಂದ ನೀವು ಕೊಟ್ಟ ಮಾದರಿಗಳೇ ಈಗ ನಿಮ್ಮ ಪರವಾಗಿ ನಿಂತಿರುವ ಸಾಕ್ಷಿಗಳು.

ಇನ್ನು ಮದ್ಯದ ವಿಷಯ. ಮದ್ಯ ಸೇರಿದಾಗ ಯಕೃತ್ತಿನಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ಪ್ರಶ್ನೆಯ ಕೀಲಿ ಅಲ್ಲಿದೆ. ಮದ್ಯದಲ್ಲಿರುವ ಎಥನಾಲನ್ನು ಯಕೃತ್ತು ಎರಡು ಹಂತದಲ್ಲಿ ಕರಗಿಸುತ್ತದೆ: ಮೊದಲು ಅದನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಅಸಿಟೇಟ್. ಎರಡೂ ಹಂತಗಳಲ್ಲಿ ಹೈಡ್ರೋಜನ್ ಕಿತ್ತು ಬರುತ್ತದೆ, ಅದನ್ನು ಹೊತ್ತೊಯ್ಯಲು ಎನ್‌ಎಡಿ ಎಂಬ ಅಣು ಬೇಕು. ಎನ್‌ಎಡಿಯನ್ನು ಖಾಲಿ ಬುಟ್ಟಿ ಎಂದುಕೊಳ್ಳಿ. ಹೈಡ್ರೋಜನ್ ತುಂಬಿಕೊಂಡಾಗ ಅದೇ ಎನ್‌ಎಡಿಎಚ್. ನಾಲ್ಕು ಲೋಟ ವೈನ್ ಯಕೃತ್ತಿಗೆ ಬಂದಾಗ ಖಾಲಿ ಬುಟ್ಟಿಗಳು ಬೇಗಬೇಗನೆ ತುಂಬಿಹೋಗಿ, ಎಲ್ಲೆಡೆ ತುಂಬಿದ ಬುಟ್ಟಿಗಳೇ ಉಳಿಯುತ್ತವೆ. ಅದೇ ಹೊತ್ತಿನಲ್ಲಿ ಅದೇ ಯಕೃತ್ತು ಟೆಸ್ಟೋಸ್ಟೆರಾನನ್ನು ಆಂಡ್ರೊಸ್ಟೀನ್‌ಡಯೋನ್ ಎಂಬ ದುರ್ಬಲ ಸ್ಟೆರಾಯ್ಡಾಗಿ ಬದಲಿಸುವ ಕೆಲಸವನ್ನೂ ಮಾಡುತ್ತಿರಬೇಕು. ಆ ಕೆಲಸಕ್ಕೆ ಬೇಕಾದದ್ದು ಖಾಲಿ ಬುಟ್ಟಿ. ಖಾಲಿ ಬುಟ್ಟಿ ಸಿಗದೆ ಅದು ನಿಧಾನವಾಗುತ್ತದೆ, ಬದಲಿಗೆ ತುಂಬಿದ ಬುಟ್ಟಿಯನ್ನು ಬಳಸುವ ತಿರುಗು ಹಾದಿ, ಅಂದರೆ ಆಂಡ್ರೊಸ್ಟೀನ್‌ಡಯೋನ್ ಮರಳಿ ಟೆಸ್ಟೋಸ್ಟೆರಾನ್ ಆಗುವ ಹಾದಿ, ಸುಗಮವಾಗುತ್ತದೆ. ಎಪಿಟೆಸ್ಟೋಸ್ಟೆರಾನಿಗೆ ಈ ಲಾಭ ಸಿಗುವುದಿಲ್ಲ. ಭಾಗಾಕಾರದ ಮೇಲಿನ ಸಂಖ್ಯೆ ಮಾತ್ರ ಏರುತ್ತದೆ.

ಇದು ಊಹೆಯಲ್ಲ. ಮದ್ಯ ಕರಗುವ ಮೊದಲ ಹಂತದ ಕಿಣ್ವವನ್ನೇ ತಡೆಯುವ 4-ಮೀಥೈಲ್‌ಪೈರಜೋಲ್ ಎಂಬ ಔಷಧವನ್ನು ಮಹಿಳೆಯರಿಗೆ ಮುಂಚಿತವಾಗಿ ಕೊಟ್ಟು ಆಮೇಲೆ ಮದ್ಯ ಕೊಟ್ಟಾಗ, ರಕ್ತದಲ್ಲಿ ಟೆಸ್ಟೋಸ್ಟೆರಾನ್ ಏರುವ ಪರಿಣಾಮ ಕಾಣಿಸಿಕೊಳ್ಳಲಿಲ್ಲ ಎಂಬುದನ್ನು ಫಿನ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಅಂದರೆ ಕೆಲಸ ಮಾಡುವುದು ಮದ್ಯದ ಅಮಲಲ್ಲ, ಯಕೃತ್ತು ಅದನ್ನು ಕರಗಿಸುವ ಕ್ರಿಯೆ. ಅನುಪಾತದ ಏರಿಕೆ ಎಷ್ಟು ಹೊತ್ತು ಇರುತ್ತದೆ ಎಂಬುದಕ್ಕೂ ಇದೇ ಉತ್ತರ ಕೊಡುತ್ತದೆ, ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಮಹಿಳೆಯರಲ್ಲಿ ಇದು ಹೆಚ್ಚಾಗಿ ಕಾಣುವುದೇಕೆ? ಪುರುಷರ ದೇಹದಲ್ಲಿ ದಿನಕ್ಕೆ ಸುಮಾರು 6ರಿಂದ 7 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತಯಾರಾಗುತ್ತದೆ, ಬಹುತೇಕ ಎಲ್ಲವೂ ವೃಷಣಗಳಿಂದ ನೇರವಾಗಿ. ಮಹಿಳೆಯರ ದೇಹದಲ್ಲಿ ತಯಾರಾಗುವುದು ದಿನಕ್ಕೆ ಸುಮಾರು ಕಾಲು ಮಿಲಿಗ್ರಾಂ, ಅದರಲ್ಲಿ ಸರಿಸುಮಾರು ಅರ್ಧದಷ್ಟು ಅಂಡಾಶಯದಿಂದಲೋ ಅಡ್ರಿನಲ್ ಗ್ರಂಥಿಯಿಂದಲೋ ನೇರವಾಗಿ ಬಾರದೆ, ಆಂಡ್ರೊಸ್ಟೀನ್‌ಡಯೋನ್ ಇತರ ಅಂಗಾಂಶಗಳಲ್ಲಿ ಬದಲಾಗಿ ಬರುವಂಥದ್ದು. ಯಕೃತ್ತಿನಲ್ಲಿ ಒಂದಿಷ್ಟು ಹೆಚ್ಚುವರಿ ಟೆಸ್ಟೋಸ್ಟೆರಾನ್ ಉಳಿದುಕೊಂಡರೆ ಪುರುಷರ ದೊಡ್ಡ ಮೊತ್ತದಲ್ಲಿ ಅದು ಎದ್ದು ಕಾಣುವುದಿಲ್ಲ, ಮಹಿಳೆಯರ ಸಣ್ಣ ಮೊತ್ತದಲ್ಲಿ ಕಾಣುತ್ತದೆ. ತುಂಬಿದ ಕೆರೆಗೂ ಅರ್ಧ ಕೊಡಕ್ಕೂ ಒಂದೊಂದು ತಂಬಿಗೆ ನೀರು ಸುರಿದಂತೆ. ಪುರುಷರಲ್ಲಿ ಇನ್ನೊಂದು ತೊಡಕೂ ಇದೆ: ಅತಿಯಾಗಿ ಕುಡಿದಾಗ ವೃಷಣಗಳ ತಯಾರಿಕೆಯೇ ಕುಗ್ಗಿ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಆದ್ದರಿಂದ "ಕುಡಿದರೆ ಟೆಸ್ಟೋಸ್ಟೆರಾನ್ ಹೆಚ್ಚುತ್ತದೆ" ಎಂಬ ಮಾತನ್ನು ಪುರುಷ ಕ್ರೀಡಾಪಟುಗಳು ಬಲವರ್ಧನೆಯ ಅರ್ಥದಲ್ಲಿ ತೆಗೆದುಕೊಳ್ಳಬಾರದು. ಮೂತ್ರದ ಅನುಪಾತ ತುಸು ಏರಿರುವ ಹೊತ್ತಿನಲ್ಲೇ ರಕ್ತದ ಹಾರ್ಮೋನು ಇಳಿದಿರಲೂಬಹುದು. ಇವೆರಡೂ ಬೇರೆ ಬೇರೆ ಅಳತೆಗಳು.

ನೀವು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವುದಾಗಿ ತಿಳಿಸಿದ್ದು ಒಳ್ಳೆಯದಾಯಿತು. ಆ ಮಾತ್ರೆಗಳು ಅಂಡಾಶಯದ ಚಟುವಟಿಕೆಯನ್ನು ತಗ್ಗಿಸುವುದರಿಂದ ಮೂತ್ರದಲ್ಲಿ ಎಪಿಟೆಸ್ಟೋಸ್ಟೆರಾನ್ ಗಣನೀಯವಾಗಿ ಇಳಿಯುತ್ತದೆ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಮೇಲಿನ ಸಂಖ್ಯೆಯ ಸಣ್ಣ ಏರಿಳಿತವೂ ದೊಡ್ಡದಾಗಿ ಕಾಣುತ್ತದೆ. ಉದಾಹರಣೆಗೆ ಟೆಸ್ಟೋಸ್ಟೆರಾನ್ ಒಂದು ಮಿಲಿಲೀಟರಿಗೆ 4 ನ್ಯಾನೊಗ್ರಾಂ, ಎಪಿಟೆಸ್ಟೋಸ್ಟೆರಾನ್ 4 ನ್ಯಾನೊಗ್ರಾಂ ಇರುವವರಲ್ಲಿ ಅನುಪಾತ 1. ಅದೇ ವ್ಯಕ್ತಿಯಲ್ಲಿ ಮಾತ್ರೆಯಿಂದ ಎಪಿಟೆಸ್ಟೋಸ್ಟೆರಾನ್ 2ಕ್ಕೆ ಇಳಿದು, ಮದ್ಯದಿಂದ ಟೆಸ್ಟೋಸ್ಟೆರಾನ್ 6ಕ್ಕೆ ಏರಿದರೆ ಅನುಪಾತ 3. ಯಾವ ಉದ್ದೀಪನ ಮದ್ದನ್ನೂ ಮುಟ್ಟದೆ ಮೂರು ಪಟ್ಟು. ಇದು ಲೆಕ್ಕ ಅರ್ಥವಾಗಲೆಂದು ನಾನು ಹಾಕಿದ ಸಂಖ್ಯೆಗಳು. ನಿಮ್ಮ ಫಲಿತಾಂಶ ಹೀಗೆಯೇ ಬರುತ್ತದೆ ಎಂದಲ್ಲ. ಮಹಿಳೆಯರಲ್ಲಿ ಎಪಿಟೆಸ್ಟೋಸ್ಟೆರಾನ್ ಎಷ್ಟೋ ಸಲ ಯಂತ್ರವು ನಿಖರವಾಗಿ ಅಳೆಯಬಲ್ಲ ಕನಿಷ್ಠ ಮಟ್ಟದ ಹತ್ತಿರವೇ ಇರುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಮಹಿಳೆಯರ ಟಿ/ಇ ಅನುಪಾತವನ್ನು ಪುರುಷರದ್ದರಷ್ಟೇ ವಿಶ್ವಾಸದಿಂದ ಓದುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 2023ರಿಂದ ರಕ್ತದಲ್ಲೂ ಟೆಸ್ಟೋಸ್ಟೆರಾನ್ ಮತ್ತು ಆಂಡ್ರೊಸ್ಟೀನ್‌ಡಯೋನ್ ಅಳೆಯುವ ವ್ಯವಸ್ಥೆ ಪಾಸ್‌ಪೋರ್ಟಿಗೆ ಸೇರಿರುವುದು ಮಹಿಳೆಯರಿಗೆ ಬಹಳ ಉಪಯುಕ್ತ. ಆದರೆ ಮೇಲೆ ಹೇಳಿದ ಬುಟ್ಟಿಗಳ ಲೆಕ್ಕ ನೆನಪಿಸಿಕೊಂಡರೆ, ಮದ್ಯವು ನೇರವಾಗಿ ಕದಡುವುದು ಈ ಎರಡು ಸ್ಟೆರಾಯ್ಡುಗಳ ನಡುವಿನ ಸಮತೋಲವನ್ನೇ ಎಂಬುದು ನಿಮಗೇ ಹೊಳೆಯುತ್ತದೆ.

ಎಷ್ಟು ಕುಡಿದರೆ, ಎಷ್ಟು ಹೊತ್ತು? ಹನ್ನೆರಡು ಶೇಕಡಾ ಮದ್ಯವಿರುವ ವೈನಿನ 150 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 14 ಗ್ರಾಂ ಎಥನಾಲ್ ಇರುತ್ತದೆ. ನಾಲ್ಕು ಲೋಟಕ್ಕೆ 56 ಗ್ರಾಂ ಮೀರಿತು. ಆರೋಗ್ಯವಂತ ಯಕೃತ್ತು ಗಂಟೆಗೆ 7ರಿಂದ 10 ಗ್ರಾಂನಷ್ಟು ಕರಗಿಸುತ್ತದೆ, ಅದಕ್ಕಿಂತ ಬೇಗ ಮಾಡಿಸಲು ಕಾಫಿಗಾಗಲಿ ತಣ್ಣೀರಿನ ಸ್ನಾನಕ್ಕಾಗಲಿ ಸಾಧ್ಯವಿಲ್ಲ. ನೀವು ರಾತ್ರಿ ಒಂಬತ್ತಕ್ಕೆ ಆರಂಭಿಸಿದ್ದರೆ ಬೆಳಗಿನ ಜಾವದವರೆಗೂ ನಿಮ್ಮ ಯಕೃತ್ತು ಈ ಕೆಲಸದಲ್ಲೇ ಮುಳುಗಿತ್ತು. ಇಲ್ಲಿ ಬಹಳ ಮಂದಿ ಮರೆಯುವ ಒಂದು ಸಂಗತಿಯಿದೆ. ಬೆಳಿಗ್ಗೆ ಆರು ಗಂಟೆಗೆ ಕೊಟ್ಟ ಮೂತ್ರ ಆರು ಗಂಟೆಯ ದೇಹಸ್ಥಿತಿಯನ್ನಷ್ಟೇ ತೋರಿಸುವುದಿಲ್ಲ. ಮಲಗಿದ್ದಾಗ ಮೂತ್ರಕೋಶದಲ್ಲಿ ತುಂಬಿಕೊಂಡ ಐದಾರು ಗಂಟೆಗಳ ಕಥೆಯನ್ನೆಲ್ಲ ಅದು ಒಟ್ಟಾಗಿ ಹೇಳುತ್ತದೆ. ತಲೆ ತಿಳಿಯಾಗಿತ್ತು, ಉಸಿರಿನಲ್ಲಿ ವಾಸನೆಯೂ ಇರಲಿಲ್ಲ ಎಂದ ಮಾತ್ರಕ್ಕೆ ಆ ಮಾದರಿಯಲ್ಲಿ ಮದ್ಯದ ಪ್ರಭಾವ ಇರಲಿಲ್ಲ ಎನ್ನಲಾಗದು. ಮದ್ಯ ಪೂರ್ತಿ ಕರಗಿದ ಮೇಲೆ ಬುಟ್ಟಿಗಳು ಮತ್ತೆ ಖಾಲಿಯಾಗುತ್ತವೆ, ಸ್ಟೆರಾಯ್ಡುಗಳ ಸಮತೋಲ ಸಾಮಾನ್ಯವಾಗಿ ಒಂದು ದಿನದೊಳಗೆ ಮೊದಲಿನಂತಾಗುತ್ತದೆ. ಊಟದ ಜೊತೆ ಒಂದು ಲೋಟ ಕುಡಿದವರಲ್ಲಿ ಇಷ್ಟೆಲ್ಲ ನಡೆಯುವುದಿಲ್ಲ. ಅಧ್ಯಯನಗಳಲ್ಲಿ ಸ್ಪಷ್ಟ ಏರಿಕೆ ಕಂಡದ್ದು ದೇಹತೂಕದ ಪ್ರತಿ ಕಿಲೋಗ್ರಾಂಗೆ ಒಂದು ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಎಥನಾಲ್ ಕುಡಿದಾಗ. ಸುಮಾರು ಐವತ್ತೈದು ಕಿಲೋ ತೂಗುವ ಓಟಗಾರ್ತಿಗೆ ನಾಲ್ಕು ಲೋಟ ವೈನ್ ಆ ಗೆರೆಯನ್ನು ಮುಟ್ಟುತ್ತದೆ.

ಹಾಗಾದರೆ ಅನುಪಾತ ಏರಿದ್ದು ಮದ್ಯದಿಂದಲೋ ಮೋಸದಿಂದಲೋ ಎಂದು ಪ್ರಯೋಗಾಲಯಕ್ಕೆ ಹೇಗೆ ತಿಳಿಯುತ್ತದೆ? ಕುಡಿದ ಎಥನಾಲಿನಲ್ಲಿ ಬಹು ಸಣ್ಣ ಪಾಲೊಂದು ಯಕೃತ್ತಿನಲ್ಲಿ ಗ್ಲುಕುರಾನಿಕ್ ಆಮ್ಲದ ಜೊತೆ ಸೇರಿ ಎಥೈಲ್ ಗ್ಲುಕುರೊನೈಡ್ ಎಂಬ ಪದಾರ್ಥವಾಗುತ್ತದೆ. ಎಥನಾಲ್ ಮಾಯವಾದ ಮೇಲೂ ಇದು ಮೂತ್ರದಲ್ಲಿ ಒಂದೆರಡು ದಿನ, ಹೆಚ್ಚು ಕುಡಿದಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಕಾಲ ಸಿಗುತ್ತದೆ. ಸ್ಟೆರಾಯ್ಡ್ ಚಿತ್ರಣ ಅಸಹಜವಾಗಿ ಕಂಡಾಗ ಪ್ರಯೋಗಾಲಯ ಇದನ್ನು ಅಳೆಯುತ್ತದೆ. ಮಿಲಿಲೀಟರಿಗೆ 5 ಮೈಕ್ರೊಗ್ರಾಂಗಿಂತ ಹೆಚ್ಚಿದ್ದರೆ, ಆ ಮಾದರಿಯ ಮೇಲೆ ಮದ್ಯದ ಪ್ರಭಾವವಿರಬಹುದು ಎಂದು ವರದಿಯಲ್ಲಿ ದಾಖಲಾಗುತ್ತದೆ. ಮೂತ್ರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಸ್ಟೆರಾಯ್ಡುಗಳನ್ನು ಕೆಡಿಸಿವೆಯೇ, ಸ್ಟೆರಾಯ್ಡ್ ಚಿತ್ರಣವನ್ನು ಬದಲಿಸಬಲ್ಲ ಫಿನಾಸ್ಟರೈಡ್ ಅಥವಾ ಕೀಟೊಕೊನಜೋಲ್‌ನಂಥ ಔಷಧಗಳ ಗುರುತಿದೆಯೇ ಎಂಬುದನ್ನೂ ಹೀಗೆಯೇ ನೋಡುತ್ತಾರೆ. ಎಥನಾಲನ್ನೇ ನೇರವಾಗಿ ಅಳೆಯಬಹುದಲ್ಲ ಎಂದು ನೀವು ಕೇಳಬಹುದು. ಸೀಸೆಯೊಳಗೆ ಸಕ್ಕರೆಯಂಶವೂ ಯೀಸ್ಟೂ ಇದ್ದರೆ ಮಾದರಿ ಕೊಟ್ಟ ಮೇಲೂ ಅಲ್ಲಿಯೇ ಹುದುಗಿ ಎಥನಾಲ್ ಹುಟ್ಟಬಹುದು. ಮಧುಮೇಹವಿರುವವರ ಮಾದರಿಯಲ್ಲಿ ಇದು ಆಗಿಹೋಗುವ ಮಾತು. ಆದ್ದರಿಂದ ದೇಹದೊಳಗೆ ಹಾದುಬಂದದ್ದಕ್ಕೆ ಗುರುತಾದ ಪದಾರ್ಥವನ್ನೇ ಹುಡುಕುವುದು ಉತ್ತಮ.

ವರದಿ ಆಮೇಲೆ ಪಾಸ್‌ಪೋರ್ಟ್ ನಿರ್ವಹಣಾ ಘಟಕದ ತಜ್ಞರ ಕೈಗೆ ಹೋಗುತ್ತದೆ. ಅವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ, ಒಂದು ಸಂಕೇತಸಂಖ್ಯೆ ಮತ್ತು ನಿಮ್ಮ ಎಲ್ಲ ಮಾದರಿಗಳ ಸಾಲು ಮಾತ್ರ ಎದುರಿಗಿರುತ್ತದೆ. ಅಂಥ ಸಾಲುಗಳನ್ನು ನಾನೂ ಓದಿದ್ದೇನೆ. ಪರದೆಯ ಮೇಲೆ ಎರಡು ಕೆಂಪು ಗೆರೆಗಳು, ಮೇಲಿನ ಮಿತಿ ಮತ್ತು ಕೆಳಗಿನ ಮಿತಿ. ನಡುವೆ ಚುಕ್ಕಿಗಳನ್ನು ಜೋಡಿಸುತ್ತ ಹೋಗುವ ನೀಲಿ ಗೆರೆ. ಆರು ಚುಕ್ಕಿಗಳು 0.9, 1.1, 1.0 ಎಂದು ಶಾಂತವಾಗಿ ಸಾಗಿ ಬಂದು ಏಳನೆಯದು ಒಮ್ಮೆಲೇ ಮೇಲಕ್ಕೆ ನೆಗೆದಿದ್ದರೆ ಮೊದಲು ಕಣ್ಣು ಹೋಗುವುದು ಅದರ ಪಕ್ಕದ ಟಿಪ್ಪಣಿಗೆ. ಅಲ್ಲಿ ಎಥೈಲ್ ಗ್ಲುಕುರೊನೈಡಿನ ಸಂಖ್ಯೆ ದೊಡ್ಡದಾಗಿದ್ದು, ಉಳಿದ ಸ್ಟೆರಾಯ್ಡುಗಳ ಅನುಪಾತವೂ ಮದ್ಯದ ಪರಿಣಾಮಕ್ಕೆ ಹೊಂದುವಂತಿದ್ದು, ಮುಂದಿನ ಮಾದರಿಯಲ್ಲಿ ಚುಕ್ಕಿ ಮತ್ತೆ ಹಳೆಯ ಜಾಗಕ್ಕೆ ಇಳಿದಿದ್ದರೆ ಅದರ ಅರ್ಥ ತಿಳಿಯುವುದು ಕಷ್ಟವಲ್ಲ.

ಹಾಗೆಂದು ಮದ್ಯದ ಗುರುತು ಸಿಕ್ಕಿದ ಕೂಡಲೇ ಎಲ್ಲವೂ ಮಾಫಿಯೂ ಅಲ್ಲ. ಹಾಗಿದ್ದರೆ ಟೆಸ್ಟೋಸ್ಟೆರಾನ್ ಹಚ್ಚಿಕೊಂಡವರೆಲ್ಲ ಮೇಲೆ ಒಂದು ಬಾಟಲಿ ಕುಡಿದು ತಪ್ಪಿಸಿಕೊಳ್ಳುತ್ತಿದ್ದರು. ಇದಕ್ಕಿರುವುದು ಇಂಗಾಲದ ಐಸೊಟೋಪ್ ಪರೀಕ್ಷೆ. ಪ್ರಕೃತಿಯಲ್ಲಿನ ಇಂಗಾಲದಲ್ಲಿ ಸುಮಾರು 1.1 ಶೇಕಡಾ ತುಸು ಭಾರವಾದ ಇಂಗಾಲ-13 ಇರುತ್ತದೆ. ಔಷಧ ಕಾರ್ಖಾನೆಗಳು ಟೆಸ್ಟೋಸ್ಟೆರಾನ್ ತಯಾರಿಸಲು ಬಳಸುವುದು ಹೆಚ್ಚಾಗಿ ಸೋಯಾದಂಥ ಸಸ್ಯಗಳ ಸ್ಟೆರಾಲುಗಳನ್ನು. ಆ ಸಸ್ಯಗಳು ಇಂಗಾಲ-13ನ್ನು ಕಡಿಮೆ ಹೀರಿಕೊಳ್ಳುವ ಜಾತಿಯವು. ಮನುಷ್ಯರ ದೇಹವಾದರೋ ಮೆಕ್ಕೆಜೋಳ, ಕಬ್ಬು ಮುಂತಾದ ಇನ್ನೊಂದು ಜಾತಿಯ ಸಸ್ಯಗಳನ್ನೂ ಒಳಗೊಂಡ ಮಿಶ್ರ ಆಹಾರದಿಂದ ತನ್ನ ಕೊಲೆಸ್ಟೆರಾಲ್ ಮತ್ತು ಹಾರ್ಮೋನುಗಳನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಟೆಸ್ಟೋಸ್ಟೆರಾನಿನ ಇಂಗಾಲವನ್ನು, ಹೊರಗಿನ ಟೆಸ್ಟೋಸ್ಟೆರಾನಿನಿಂದ ಬದಲಾಗದ ಪ್ರೆಗ್ನೇನ್‌ಡಯೋಲ್‌ನಂಥ ಇನ್ನೊಂದು ಸ್ಟೆರಾಯ್ಡಿನ ಇಂಗಾಲದ ಜೊತೆ ಹೋಲಿಸಿದರೆ, ಎರಡೂ ಒಂದೇ ದೇಹದಲ್ಲಿ ಹುಟ್ಟಿದವೇ ಅಥವಾ ಒಂದು ಹೊರಗಿನಿಂದ ಬಂದದ್ದೇ ಎಂಬುದು ಗೊತ್ತಾಗುತ್ತದೆ. ಮದ್ಯವು ನಿಮ್ಮದೇ ಟೆಸ್ಟೋಸ್ಟೆರಾನನ್ನು ಯಕೃತ್ತಿನಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ, ನಿಮ್ಮದೇ ಆಂಡ್ರೊಸ್ಟೀನ್‌ಡಯೋನನ್ನು ಮರಳಿ ಟೆಸ್ಟೋಸ್ಟೆರಾನ್ ಮಾಡುತ್ತದೆ. ಪ್ರಮಾಣ ಬದಲಾಗುತ್ತದೆ, ಮೂಲ ಬದಲಾಗುವುದಿಲ್ಲ.

ಈ ವ್ಯತ್ಯಾಸವನ್ನು ಮನಗಾಣಲು 2006ರ ಟೂರ್ ಡಿ ಫ್ರಾನ್ಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಮೆರಿಕದ ಸೈಕಲ್ ಪಟು ಫ್ಲಾಯ್ಡ್ ಲ್ಯಾಂಡಿಸ್ 16ನೆಯ ಹಂತದಲ್ಲಿ ಕುಸಿದು ಬಹಳ ಹಿಂದೆ ಬಿದ್ದರು, ಮರುದಿನ 17ನೆಯ ಹಂತವನ್ನು ಎಲ್ಲರೂ ಬೆರಗಾಗುವಂತೆ ಗೆದ್ದರು. ಆ ದಿನದ ಮಾದರಿಯಲ್ಲಿ ಅನುಪಾತ ಸುಮಾರು 11 ಎಂದು ಬಂತು. ಹಿಂದಿನ ರಾತ್ರಿ ಸೋಲಿನ ಬೇಸರದಲ್ಲಿ ಬಿಯರ್ ಮತ್ತು ವಿಸ್ಕಿ ಕುಡಿದದ್ದೇ ಕಾರಣವಿರಬಹುದೆಂಬ ವಿವರಣೆ ಮೊದಲು ಹೊರಬಂತು. ಆದರೆ ಐಸೊಟೋಪ್ ಪರೀಕ್ಷೆ ಹೊರಗಿನ ಟೆಸ್ಟೋಸ್ಟೆರಾನನ್ನು ತೋರಿಸಿತು. 2007ರಲ್ಲಿ ಅವರ ಪ್ರಶಸ್ತಿ ಕೈತಪ್ಪಿತು, 2008ರಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು, 2010ರಲ್ಲಿ ಲ್ಯಾಂಡಿಸ್ ತಾವು ವರ್ಷಗಟ್ಟಲೆ ಉದ್ದೀಪನ ಮದ್ದು ಬಳಸಿದ್ದನ್ನು ಒಪ್ಪಿಕೊಂಡರು. ಅದಕ್ಕೂ ಮೊದಲು, 1998ರಲ್ಲಿ, ಓಟಗಾರ ಡೆನಿಸ್ ಮಿಚೆಲ್ ತಮ್ಮ ಅನುಪಾತ ಏರಿದ್ದಕ್ಕೆ ಹಿಂದಿನ ರಾತ್ರಿಯ ಬಿಯರನ್ನೂ ದಾಂಪತ್ಯ ಸಂಪರ್ಕವನ್ನೂ ಕಾರಣವಾಗಿ ಹೇಳಿದ್ದರು. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ ಅದನ್ನು ಒಪ್ಪಿತು, ಅಂತರರಾಷ್ಟ್ರೀಯ ಒಕ್ಕೂಟ ಒಪ್ಪದೆ ಎರಡು ವರ್ಷಗಳ ನಿಷೇಧ ಹೇರಿತು. ಇಂಥ ಪ್ರಕರಣಗಳಿಂದಾದ ಕೆಟ್ಟ ಪರಿಣಾಮವೆಂದರೆ, ಮದ್ಯದ ಮಾತೆತ್ತಿದರೆ ಸಾಕು, ಅದೊಂದು ಸಬೂಬು ಎಂದು ಜನ ತೀರ್ಮಾನಿಸುತ್ತಾರೆ. ನಿಜವಾಗಿ ಕುಡಿದು, ನಿಜವಾಗಿ ಬೇರೇನನ್ನೂ ತೆಗೆದುಕೊಳ್ಳದ ನಿಮ್ಮಂಥವರು ಬಾಯಿಬಿಡಲು ಅಂಜುವುದು ಈ ಕಾರಣಕ್ಕೇ. ನನಗೆ ಬೇಸರ ತರಿಸುವ ಸಂಗತಿಯಿದು.

ಬೇರೆ ಹಾರ್ಮೋನು ಪರೀಕ್ಷೆಗಳ ವಿಷಯ ಸಂಕ್ಷಿಪ್ತವಾಗಿ ಹೇಳುತ್ತೇನೆ. ಬೆಳವಣಿಗೆಯ ಹಾರ್ಮೋನು ರಾತ್ರಿ ಗಾಢ ನಿದ್ದೆಯಲ್ಲಿ ಸ್ರವಿಸುವುದನ್ನು ಮದ್ಯ ತಗ್ಗಿಸುತ್ತದೆ. ಅದು ಕ್ರೀಡಾಪಟುವಿನ ಚೇತರಿಕೆಗೆ ನಷ್ಟವೇ ಹೊರತು ಪರೀಕ್ಷೆಯಲ್ಲಿ ಪಾಸಿಟಿವ್ ಬರಿಸುವಂಥದ್ದಲ್ಲ. ಆ ಹಾರ್ಮೋನಿನ ದುರ್ಬಳಕೆ ಪತ್ತೆಗೆ ಬಳಸುವ ಎರಡು ಸೂಚಕಗಳಲ್ಲಿ ಒಂದು, ಕೊಲಾಜೆನ್ ಕಟ್ಟುವಾಗ ಬಿಡುಗಡೆಯಾಗುವ ಪ್ರೋಟೀನ್ ತುಣುಕು, ಯಕೃತ್ತು ನಾರುಗಟ್ಟಿದವರಲ್ಲೂ ಏರುತ್ತದೆ. ಆದರೆ ಅದು ವರ್ಷಗಟ್ಟಲೆ ಕುಡಿದು ಯಕೃತ್ತು ಕೆಟ್ಟವರ ಮಾತು, ಅಂಥವರಲ್ಲಿ ಇನ್ನೊಂದು ಸೂಚಕವಾದ ಐಜಿಎಫ್-1 ಇಳಿದಿರುತ್ತದೆ. ನಿಮ್ಮ ಒಂದು ರಾತ್ರಿಗೂ ಇದಕ್ಕೂ ಸಂಬಂಧವಿಲ್ಲ.

ತರಬೇತುದಾರರ ಮಾತಿಗೆ ಮತ್ತೊಮ್ಮೆ ಬರಲೇಬೇಕು, ಏಕೆಂದರೆ ಅವರ ಸಲಹೆ ಬೇರೆ ಹುಡುಗಿಯರನ್ನೂ ತಪ್ಪುದಾರಿಗೆ ಎಳೆಯಬಹುದು. ದೇಹದಲ್ಲಿ ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ಮದ್ಯ ತಡೆಯುತ್ತದೆ, ಅದರಿಂದ ಹೆಚ್ಚು ಮೂತ್ರ ಬರುತ್ತದೆ, ಅದು ತೆಳುವಾಗಿಯೂ ಇರಬಹುದು, ಇಷ್ಟು ನಿಜ. ಆದರೆ ಅಧಿಕಾರಿ ಮಾದರಿ ತೆಗೆದುಕೊಂಡ ಕೂಡಲೇ ಅದರ ಸಾಂದ್ರತೆಯನ್ನು ನಿಮ್ಮ ಎದುರಿಗೇ ಅಳೆದದ್ದನ್ನು ನೀವು ನೋಡಿರಬೇಕು. ಕನಿಷ್ಠ 90 ಮಿಲಿಲೀಟರ್ ಬೇಕು, ಸಾಂದ್ರತೆ ಸಾಮಾನ್ಯವಾಗಿ 1.005ಕ್ಕಿಂತ ಕಡಿಮೆ ಇರಬಾರದು. ತೆಳುವಾಗಿದ್ದರೆ ಇನ್ನೊಂದು ಮಾದರಿ ಕೊಡುವವರೆಗೂ ಅಧಿಕಾರಿ ಕಾಯುತ್ತಾರೆ. ಪ್ರಯೋಗಾಲಯದಲ್ಲೂ ಪ್ರಮಾಣಗಳನ್ನು ಸಾಂದ್ರತೆಗೆ ತಕ್ಕಂತೆ ತಿದ್ದಿಕೊಳ್ಳುತ್ತಾರೆ, ಅನುಪಾತಗಳಿಗಂತೂ ಆ ತಿದ್ದುಪಡಿಯೂ ಬೇಕಿಲ್ಲ.

ಈಗ ನೀವು ಮಾಡಬೇಕಾದದ್ದು. ಮಾದರಿ ಕೊಟ್ಟಾಗ ತುಂಬಿದ ನಮೂನೆಯ ನಿಮ್ಮ ಪ್ರತಿಯನ್ನು ಹುಡುಕಿ ತೆಗೆದು, ಕಳೆದ ಏಳು ದಿನಗಳ ಔಷಧಗಳ ಜಾಗದಲ್ಲಿ ಗರ್ಭನಿರೋಧಕ ಮಾತ್ರೆಯ ಹೆಸರು ಬರೆದಿದ್ದೀರಾ ನೋಡಿ. ಬಹಳ ಮಂದಿ ಅದನ್ನು ಔಷಧವೆಂದೇ ಎಣಿಸದೆ ಬಿಟ್ಟುಬಿಡುತ್ತಾರೆ. ಮದ್ಯದ ಬಗ್ಗೆ ಆ ನಮೂನೆಯಲ್ಲಿ ಪ್ರತ್ಯೇಕ ಪ್ರಶ್ನೆ ಇರುವುದಿಲ್ಲ, ಆದರೆ ಷರಾ ಬರೆಯುವ ಜಾಗವಿರುತ್ತದೆ. ಮುಂದೆ ಎಂದಾದರೂ ಹೀಗಾದರೆ ಅಲ್ಲಿ "ಹಿಂದಿನ ರಾತ್ರಿ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ನಾಲ್ಕು ಲೋಟ ವೈನ್" ಎಂದು ನೇರವಾಗಿ ಬರೆಯಿರಿ. ಆರು ತಿಂಗಳ ನಂತರ ವಿಚಾರಣೆಯಲ್ಲಿ ನೆನಪಿನಿಂದ ಹೇಳುವ ಮಾತಿಗೂ ಅದೇ ಬೆಳಿಗ್ಗೆ ಸಹಿ ಹಾಕಿ ಬರೆದ ಸಾಲಿಗೂ ತೂಕದಲ್ಲಿ ಬಹಳ ಅಂತರವಿದೆ. ಈ ಸಲದ ವಿವರವನ್ನು ದಿನಾಂಕ, ಸಮಯ, ಪ್ರಮಾಣ, ಋತುಚಕ್ರದ ದಿನ ಮತ್ತು ಮಾತ್ರೆಯ ಹೆಸರು ಸಮೇತ ಈಗಲೇ ಒಂದು ಕಾಗದದಲ್ಲಿ ಬರೆದು ಆ ಪ್ರತಿಯ ಜೊತೆ ಇಟ್ಟುಕೊಳ್ಳಿ. ನೀವಾಗಿಯೇ ಯಾರಿಗೂ ಪತ್ರ ಬರೆಯಬೇಕಿಲ್ಲ.

ಒಂದು ತಪ್ಪನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ. ಕುಡಿದ ಮರುದಿನ ಅಧಿಕಾರಿ ಬಂದರೆಂದು ಬಾಗಿಲು ತೆರೆಯದಿರುವುದು, ನಾಳೆ ಬನ್ನಿ ಎನ್ನುವುದು, ಹಿಂಬಾಗಿಲಿನಿಂದ ಹೋಗುವುದು ನಿಮ್ಮನ್ನು ನಿಜವಾದ ಆಪತ್ತಿಗೆ ತಳ್ಳುತ್ತದೆ. ಮಾದರಿ ನಿರಾಕರಿಸುವುದೇ ಸ್ವತಂತ್ರ ಅಪರಾಧ, ಅದಕ್ಕೆ ನಾಲ್ಕು ವರ್ಷಗಳವರೆಗೆ ನಿಷೇಧವಿದೆ. ಮನೆಯಲ್ಲಿ ಇರುವುದಾಗಿ ತಿಳಿಸಿದ ಒಂದು ಗಂಟೆಯಲ್ಲಿ ಸಿಗದೆ ಹೋಗುವುದು, ವಿಳಾಸದ ವಿವರ ತಪ್ಪಾಗಿ ಕೊಡುವುದು, ಇಂಥವು ಹನ್ನೆರಡು ತಿಂಗಳಲ್ಲಿ ಮೂರಾದರೂ ನಿಯಮಭಂಗವೇ. ಮದ್ಯದಿಂದ ಏರಿದ ಅನುಪಾತಕ್ಕೆ ವಿವರಣೆಯಿದೆ, ತೆರೆಯದ ಬಾಗಿಲಿಗೆ ಇಲ್ಲ.

ಮುಂದಿನ ಕೆಲವು ವಾರಗಳಲ್ಲಿ ಅಧಿಕಾರಿ ಮತ್ತೆ ಬಂದರೆ ಗಾಬರಿಯಾಗಬೇಡಿ. ಒಂದು ಮಾದರಿ ಅಸಹಜವಾಗಿ ಕಂಡಾಗ ಇನ್ನೊಂದನ್ನು ತೆಗೆದುಕೊಳ್ಳುವುದು ವಾಡಿಕೆ. ಆ ಎರಡನೆಯ ಮಾದರಿ, ಮದ್ಯ ಮುಟ್ಟದ ದಿನದ್ದಾಗಿದ್ದರೆ, ಮೊದಲನೆಯದರ ಅರ್ಥವನ್ನು ತಾನೇ ಬಿಡಿಸಿ ಹೇಳುತ್ತದೆ. ಒಂದು ವೇಳೆ ಅಧಿಕೃತ ಪತ್ರವೇ ಬಂದರೆ, ಉತ್ತರ ಕೊಡುವ ಮೊದಲು ಪ್ರಯೋಗಾಲಯದ ಪೂರ್ಣ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ, ಅದೇ ಮಾದರಿಯ ಇನ್ನೊಂದು ಪಾಲನ್ನು ಮುಚ್ಚಿಟ್ಟ ಬಿ ಸೀಸೆಯನ್ನು ನಿಮ್ಮ ಸಮ್ಮುಖದಲ್ಲಿ ತೆರೆದು ಪರೀಕ್ಷಿಸಿ ಎನ್ನುವ ಹಕ್ಕೂ ಇದೆ. ಆ ದಾಖಲೆಗಳಲ್ಲಿ ಮೊದಲು ಎಥೈಲ್ ಗ್ಲುಕುರೊನೈಡಿನ ಸಂಖ್ಯೆ ಎಷ್ಟಿದೆ ಎಂದು ನೋಡಿ, ಆಮೇಲೆ ಐಸೊಟೋಪ್ ಪರೀಕ್ಷೆ ನಡೆದಿದೆಯೇ ಎಂದು ನೋಡಿ. ನಡೆದಿಲ್ಲದಿದ್ದರೆ ಅದನ್ನು ಮಾಡಿಸಿ ಎಂದು ನೀವೇ ಲಿಖಿತವಾಗಿ ಒತ್ತಾಯಿಸಿ.